ಆಕರ ಇಲ್ಲದ ಕಲ್ಲು

ಬೆಂಗಳೂರಿನ ಯಾವುದಾದರೂ ಆಫೀಸಿನಲ್ಲಿ ಒಂದು ಫ್ಲೋರ್ ಸುತ್ತಿ ಬನ್ನಿ. ಮಾನಿಟರ್ ಕೆಳಗೆ, ಕೀಬೋರ್ಡ್ ಪಕ್ಕ, ಕೆಲವರ ನೀರಿನ ಬಾಟಲಿ ಒಳಗೂ ಕಲ್ಲು ಕಾಣುತ್ತೆ. ಗುಲಾಬಿ ಬಣ್ಣದ್ದು ಪ್ರೀತಿಗೆ, ಹಳದಿಯದು ದುಡ್ಡಿಗೆ, ನೇರಳೆಯದು ನಿದ್ದೆಗೆ, ಕಪ್ಪು ಟೂರ್ಮಲಿನ್ ಲ್ಯಾಪ್‌ಟಾಪ್‌ನ ರೇಡಿಯೇಶನ್ ತಡೆಯೋದಕ್ಕೆ. ಅರ್ಧಕ್ಕೆ ಒಡೆದ ಜಿಯೋಡ್‌ನ ಹೊಳೆಯೋ ಹೊಟ್ಟೆಯಲ್ಲಿ ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ ಇಟ್ಟವರನ್ನೂ ನೋಡಿದ್ದೀನಿ. ಮೊದಲು ಕಲ್ಲು ಅಂದರೆ ಜ್ಯೋತಿಷಿ ಬರೆದುಕೊಟ್ಟ ಉಂಗುರ ಅಷ್ಟೇ ಆಗಿತ್ತು. ಈಗ ಮಾಲ್‌ನಲ್ಲಿ ಮಳಿಗೆ ಇದೆ, ಇನ್‌ಸ್ಟಾಗ್ರಾಮ್‌ನಲ್ಲಿ ಲೈವ್ ಮಾರಾಟ ಇದೆ, ಬರ್ತ್‌ಡೇ ಗಿಫ್ಟ್ ಬಾಕ್ಸ್ ಇದೆ.

ಇವರನ್ನೆಲ್ಲ ಗೇಲಿ ಮಾಡೋದಕ್ಕೆ ನಾನು ಇದನ್ನು ಬರೀತಿಲ್ಲ. ನನ್ನ ಪುಸ್ತಕದ ಕಪಾಟಿನಲ್ಲೂ ಒಂದು ಖಾನೆ ತುಂಬ ಕಲ್ಲುಗಳಿವೆ, ಮನೆಯವರು ಅದನ್ನು ಒರೆಸೋದನ್ನು ಬಿಟ್ಟೇ ಬಿಟ್ಟಿದ್ದಾರೆ. ನನ್ನ ತಕರಾರು ಕಲ್ಲಿನ ಜೊತೆ ಬರುವ ಚೀಟಿಯ ಬಗ್ಗೆ. ಅಂಗಡಿಯ ಚೀಟಿ ಓದಿ ನೋಡಿ: ಕಲ್ಲಿನ ಹೆಸರು, ಅದು ನಿಮಗೆ ಏನು ಮಾಡಿಕೊಡುತ್ತೆ, ಬೆಲೆ ಎಷ್ಟು. ಮುಗೀತು. ಅದು ಯಾವ ಊರಿನ ಯಾವ ನೆಲದಿಂದ ಬಂತು ಅನ್ನೋ ಒಂದು ಸಾಲು ಇರೋದಿಲ್ಲ. ಕೇಳಿದರೆ 'ಇಂಪೋರ್ಟೆಡ್' ಅಂತಾರೆ. ಕಾಫಿ ಕುಡಿಯುವಾಗ ಚಿಕ್ಕಮಗಳೂರಿನ ಯಾವ ಎಸ್ಟೇಟು, ಎಷ್ಟು ಎತ್ತರದಲ್ಲಿ ಬೆಳೆದಿದ್ದು ಅಂತ ಕೇಳುವ ನಾವೇ, ಕೋಟಿಗಟ್ಟಲೆ ವರ್ಷ ಒಂದೇ ಜಾಗದಲ್ಲಿ ಕೂತಿದ್ದ ವಸ್ತುವಿಗೆ ಊರು ಇಲ್ಲದಿದ್ದರೂ ನಡೆಯುತ್ತೆ ಅಂದುಕೊಂಡಿದ್ದೀವಿ.

ಮೊದಲು ಕಲ್ಲಿನ ಸೆಳೆತವನ್ನು ಸ್ವಲ್ಪ ಗಂಭೀರವಾಗಿ ನೋಡೋಣ, ಯಾಕಂದ್ರೆ ಅದು ಸುಳ್ಳಲ್ಲ. ಕಲ್ಲು ಕೈಗೆ ತಂಪಾಗಿರುತ್ತೆ, ತೂಕ ಇರುತ್ತೆ. ದಿನಕ್ಕೆ ಹತ್ತು ಗಂಟೆ ಗಾಜಿನ ಮೇಲೆ ಬೆರಳು ಆಡಿಸುವವರಿಗೆ ಇದೇ ಒಂದು ಸುಖ. ಎರಡನೆಯದು, ಯಾರೂ ಕೆತ್ತದ ಆಕಾರ. ಸ್ಫಟಿಕದ ಆರು ಮುಖಗಳನ್ನು ಯಾರೂ ಉಜ್ಜಿ ಮಾಡಿಲ್ಲ, ಒಳಗಿನ ಅಣುಗಳು ಸಾಲಾಗಿ ಕೂತ ರೀತಿ ಹೊರಗೆ ಹಾಗೆ ಕಾಣುತ್ತೆ. ಮೂರನೆಯದು, ಜಿಯೋಡ್ ಕೊಡುವ ಅಚ್ಚರಿ. ಹೊರಗಿನಿಂದ ಮಣ್ಣು ಮೆತ್ತಿದ ಆಲೂಗಡ್ಡೆ, ಒಡೆದರೆ ಒಳಗೆ ಝಗಮಗ. ನಾಲ್ಕನೆಯದು, ಅದಕ್ಕೆ ಅಪ್‌ಡೇಟ್ ಇಲ್ಲ, ಚಾರ್ಜ್ ಬೇಡ, ಹಳೇ ಮಾಡೆಲ್ ಆಗೋದೂ ಇಲ್ಲ. ಮೂರು ತಿಂಗಳಿಗೊಮ್ಮೆ ಟೀಮ್ ಬದಲಾಗುವ ಕೆಲಸದಲ್ಲಿ ಇರುವವರು ಹಾಗೇ ಕೂತಿರುವ ಒಂದು ವಸ್ತುವನ್ನು ಬಯಸಿದರೆ ಅದರಲ್ಲಿ ತಪ್ಪೇನಿದೆ? ಹೊಳೆದಂಡೆಯಲ್ಲಿ ನುಣುಪು ಕಲ್ಲು ಆರಿಸಿ ಚಡ್ಡಿ ಜೇಬು ಹರಿದುಕೊಂಡ ಮಕ್ಕಳೇ ಅಲ್ಲವೇ ನಾವೆಲ್ಲ.

ಹಾಗಿದ್ದರೆ ಊರು ಯಾಕೆ ಬೇಕು? ಇದಕ್ಕೆ ಉತ್ತರ ಹೇಳೋಕೆ ಬೀದರ್ ಜಿಲ್ಲೆಯ ಒಂದು ಊರಿಗೆ ಹೋಗಬೇಕು. ನಾರಾಯಣಪುರ. ಕೃಷ್ಣಾ ನದಿಯ ಡ್ಯಾಮ್ ಇರುವ ನಾರಾಯಣಪುರ ಅಲ್ಲ, ಬಸವಕಲ್ಯಾಣದ ಪಕ್ಕದ ಹಳ್ಳಿ. ಹೈದರಾಬಾದ್ ಕಡೆಯಿಂದ ಹುಮನಾಬಾದ್ ದಾಟಿ ಸೊಲ್ಲಾಪುರದ ಹೈವೇ ಹಿಡಿದರೆ ಸಸ್ತಾಪುರ ಬಂಗ್ಲಾ ಬರುತ್ತೆ, ಅಲ್ಲಿಂದ ಕಲ್ಯಾಣಕ್ಕೆ ತಿರುಗಬೇಕು. ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ ನೋಡೋಕೆ ಅಂತ ಜನ ಅಲ್ಲಿಗೆ ಹೋಗೋದು. ನಾನು ಹೋಗಿದ್ದೂ ಅದಕ್ಕೇ. ಆದರೆ ಕಣ್ಣು ನಿಂತಿದ್ದು ಊರಾಚೆ, ತೊಗರಿ ಹೊಲದ ಅಂಚಿನಲ್ಲಿ, ಬಾವಿ ತೋಡಿ ಮೇಲೆ ಹಾಕಿದ್ದ ಕಲ್ಲಿನ ಗುಡ್ಡೆ ಮೇಲೆ. ಕಪ್ಪು ಕಲ್ಲಿನ ತುಂಬ ಬಿಳಿ ಚುಕ್ಕೆ. ಅಕ್ಕಿಕಾಳಿನಷ್ಟು ಕೆಲವು, ಬಾದಾಮಿಯಷ್ಟು ಕೆಲವು, ಒಂದೆರಡು ನಿಂಬೆಹಣ್ಣಿನ ಗಾತ್ರದ ಪೊಳ್ಳು, ಅದರೊಳಗೆ ಸಕ್ಕರೆ ಹರಳಿನಂಥ ಮಿನುಗು.

ಹೊಲದಲ್ಲಿದ್ದ ಕಾಕಾ ಹತ್ತಿರ ಬಂದರು. 'ಕಾಕಾ, ಇದರಾಗ ಒಂದೆರಡು ಕಲ್ಲು ತೊಗೊಳ್ಳಲಾ?' ಅಂತ ಕೇಳಿದೆ. 'ಒಂದೆರಡು ಯಾಕ್ರಿ ಸರ, ಗಾಡಿ ತುಂಬ ಒಯ್ರಿ. ಬಾವಿ ತೋಡೋ ಮುಂದ ನಮ್ಮ ಸೊಂಟ ಮುರದಾವ ಇವು' ಅಂದರು. ಆಮೇಲೆ ಅವರೇ ಒಂದು ಮಾತು ಸೇರಿಸಿದರು: 'ಮ್ಯಾಲಿನ ಕಲ್ಲಿನಾಗ ಇವು ಇರಂಗಿಲ್ರಿ. ಒಂದಾಳು ಇಳದ ಮ್ಯಾಲ ಹಿಂಗ ತೂತು ತೂತು ಕಲ್ಲು ಹತ್ತತದ, ಮತ್ತ ಕೆಳಗ ಗಟ್ಟಿ.'

ಅಂಗಡಿಯ ಯಾವ ಚೀಟಿಯಲ್ಲೂ ಇರದ ಮಾಹಿತಿ ಇದು. ಅವರು ಹೇಳಿದ್ದು ಭೂವಿಜ್ಞಾನದ ಪುಸ್ತಕ ಹೇಳುವುದಕ್ಕೆ ಸರಿಯಾಗಿ ಕೂಡುತ್ತೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಪಶ್ಚಿಮ ಮತ್ತು ಮಧ್ಯ ಭಾರತದ ನೆಲ ಬಿರಿದು ಲಾವಾ ಹರಿಯಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ, ಪದರದ ಮೇಲೆ ಪದರ. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಅದು ಮುಚ್ಚಿದೆ. ಅದಕ್ಕೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣೋದರಿಂದ, ಮೆಟ್ಟಿಲು ಅನ್ನುವ ಅರ್ಥದ ಸ್ವೀಡಿಷ್ ಪದದಿಂದ ಈ ಟ್ರ್ಯಾಪ್ ಬಂದಿದೆ. ಪಶ್ಚಿಮ ಘಟ್ಟದ ಕಡೆ ಇದರ ದಪ್ಪ ಎರಡು ಕಿಲೋಮೀಟರ್ ಮೀರುತ್ತೆ. ನಮ್ಮ ಬೀದರ್, ಕಲಬುರಗಿ ಅದರ ಆಗ್ನೇಯ ಅಂಚು, ಇಲ್ಲಿ ಪದರ ತೆಳು.

ದೋಸೆ ಹಿಟ್ಟು ಕಾವಲಿ ಮೇಲೆ ಬಿದ್ದಾಗ ತೂತು ಬೀಳುತ್ತಲ್ಲ, ಹೆಚ್ಚುಕಡಿಮೆ ಹಾಗೇ. ಲಾವಾದೊಳಗಿನ ಅನಿಲ ಗುಳ್ಳೆಯಾಗಿ ಮೇಲಕ್ಕೆ ಬರುವಷ್ಟರಲ್ಲಿ ಮೇಲ್ಭಾಗ ಗಟ್ಟಿಯಾಗುತ್ತೆ, ಗುಳ್ಳೆ ಅಲ್ಲೇ ಸಿಕ್ಕಿಬೀಳುತ್ತೆ. ಹಾಗಾಗಿ ಪ್ರತಿ ಹರಿವಿನ ತಲೆಭಾಗ ತೂತು ತೂತು, ನಡುಭಾಗ ಗಟ್ಟಿ. ಬಾವಿ ಇಳಿಸುವವರು ಒಂದು ಹರಿವನ್ನು ದಾಟಿ ಇನ್ನೊಂದರ ತಲೆ ಮುಟ್ಟಿದಾಗ ಈ ಕಲ್ಲು ಸಿಗುತ್ತೆ. ನಂತರದ ಲಕ್ಷಾಂತರ ವರ್ಷ ಬಂಡೆಯೊಳಗೆ ನೀರು ಓಡಾಡಿ, ಬಂಡೆಯದೇ ಸಿಲಿಕಾ, ಕ್ಯಾಲ್ಸಿಯಂ ಕರಗಿಸಿಕೊಂಡು, ಆ ಗುಳ್ಳೆಗಳ ಗೋಡೆಗೆ ಪದರ ಪದರವಾಗಿ ಬಳಿಯಿತು. ಪೂರ್ತಿ ತುಂಬಿದರೆ ಬಾದಾಮಿ ಆಕಾರದ ಗಟ್ಟಿ ಉಂಡೆ. ತುಂಬೋದಕ್ಕೆ ಮೊದಲೇ ನೀರಿನ ಕೆಲಸ ನಿಂತು ನಡುವೆ ಪೊಳ್ಳು ಉಳಿದರೆ ಅದೇ ಜಿಯೋಡ್. ಅಂದರೆ ನಾವು ದುಡ್ಡು ಕೊಟ್ಟು ತರುವ ಜಿಯೋಡ್ ಅರ್ಧಕ್ಕೆ ನಿಂತ ಕೆಲಸ.

ನಾನು ಅಲ್ಲಿಂದ ತಂದಿದ್ದು ಮೂರು ತುಂಡು. ಅವು ಏನು ಅಂತ ಪತ್ತೆ ಹಚ್ಚೋದರಲ್ಲಿ ಸಿಕ್ಕ ಖುಷಿ ಅಂಗಡಿಯಲ್ಲಿ ಯಾವತ್ತೂ ಸಿಕ್ಕಿಲ್ಲ. ಒಂದರ ಮೇಲೆ ನಿಂಬೆರಸ ಬಿಟ್ಟೆ, ಬುಸುಬುಸು ಗುಳ್ಳೆ ಬಂತು: ಕ್ಯಾಲ್ಸೈಟ್. ಇನ್ನೊಂದು ಹಳೇ ಗಾಜಿನ ಬಾಟಲಿ ಮೇಲೆ ಗೀರು ಹಾಕಿತು, ಚಾಕುವಿಗೆ ತಾನು ಬಗ್ಗಲಿಲ್ಲ: ಬೆಣಚು, ಅಂದರೆ ಕ್ವಾರ್ಟ್ಜ್. ಮೂರನೆಯದು ನಿಂಬೆರಸಕ್ಕೆ ಸುಮ್ಮನಿತ್ತು, ಚಾಕುವಿಗೆ ಗೀರು ಬಿತ್ತು, ಬಿಳಿ ಮುತ್ತಿನಂಥ ಹೊಳಪು: ಝಿಯೋಲೈಟ್ ಕುಟುಂಬದ್ದು ಅನ್ನುವಲ್ಲಿಗೆ ನಿಲ್ಲಿಸಿದೆ, ಮುಂದಿನದಕ್ಕೆ ಲ್ಯಾಬ್ ಬೇಕು. ಅಡುಗೆಮನೆಯ ಸಾಮಾನಿನಲ್ಲಿ ಒಂದು ಸಂಜೆ ಕಳೆಯಿತು. ನೋಡೋದನ್ನು ಕಲಿಸಿದ ಸಂಜೆ ಅದು.

ಈ ಊರಿನ ವಿಷಯ ಇಲ್ಲಿಗೇ ಮುಗಿದಿದ್ದರೆ ಇದೊಂದು ಪ್ರವಾಸದ ಪೋಸ್ಟ್ ಆಗ್ತಿತ್ತು. ಆದರೆ ಕಲ್ಲಿನ ಬಗ್ಗೆ ಚೀಟಿ ಬರೆಯೋದು ಹೇಗೆ ಅಂತ ಯೋಚಿಸಿದವರು ಕೂಡ ಇಲ್ಲೇ, ಕಲ್ಯಾಣದಲ್ಲೇ ಇದ್ದರು. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ 1129ರಲ್ಲಿ ಮುಗಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಇಡ್ಲಿಯ ಇತಿಹಾಸದ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ನೀವು ಈ ಹೆಸರು ನೋಡಿರ್ತೀರಿ. ನೂರು ಅಧ್ಯಾಯದ ಈ ಪುಸ್ತಕದಲ್ಲಿ ಅಡುಗೆ, ಆನೆ, ಆಟ ಎಲ್ಲ ಇದೆ. ರಾಜನ ಬೊಕ್ಕಸದ ಭಾಗದಲ್ಲಿ ರತ್ನಪರೀಕ್ಷೆಯೂ ಇದೆ. ಪುಸ್ತಕಕ್ಕೆ ಇನ್ನೊಂದು ಹೆಸರು 'ಅಭಿಲಷಿತಾರ್ಥ ಚಿಂತಾಮಣಿ'. ಬಯಸಿದ್ದನ್ನು ಕೊಡುವ ಮಣಿ! ಇವತ್ತಿನ ಕ್ರಿಸ್ಟಲ್ ಅಂಗಡಿಗೆ ಇದಕ್ಕಿಂತ ಒಳ್ಳೆ ಬೋರ್ಡ್ ಸಿಗಲಿಕ್ಕಿಲ್ಲ.

ರತ್ನಶಾಸ್ತ್ರದ ಹಳೆಯ ಗ್ರಂಥಗಳಿಗೆ ಒಂದು ಸಾಮಾನ್ಯ ಕ್ರಮ ಇದೆ. ರತ್ನ ಹುಟ್ಟಿದ್ದು ಹೇಗೆ, ಅದರ ಆಕರ ಯಾವುದು, ಬಣ್ಣ, ಗುಣ, ದೋಷ, ಧರಿಸಿದರೆ ಫಲ, ಬೆಲೆ, ಕೊನೆಗೆ ವಿಜಾತಿ, ಅಂದರೆ ನಕಲಿಯನ್ನು ಗುರುತಿಸೋದು ಹೇಗೆ. ಆಕರ ಅಂದರೆ ಗಣಿ, ಹುಟ್ಟಿದ ಜಾಗ. ಕನ್ನಡದಲ್ಲಿ ನಾವು ಇವತ್ತಿಗೂ ಆಕರ ಗ್ರಂಥ ಅಂತೀವಿ, ಮಾತಿನ ಮೂಲ ಎಲ್ಲಿದೆ ಅಂತ ತೋರಿಸೋಕೆ. ಹಳಬರನ್ನು ಸುಮ್ಮನೆ ಹೊಗಳೋದು ನನಗಿಷ್ಟ ಇಲ್ಲ. ಅವರೂ ಫಲವನ್ನು ನಂಬಿದವರೇ. ಅವರ ಆಕರಗಳ ಪಟ್ಟಿ ಎಷ್ಟೋ ಕಡೆ ಹಿಂದಿನವರದರ ನಕಲು. ಬರೆದಿದ್ದು ರಾಜನ ಬೊಕ್ಕಸಕ್ಕೆ, ಭೂವಿಜ್ಞಾನಕ್ಕಲ್ಲ. ಆದರೂ ಚೀಟಿಯಲ್ಲಿ ಏನೇನಿರಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಫಲಕ್ಕೆ ಅದರಲ್ಲಿ ಒಂದು ಸಾಲು, ಮಿಕ್ಕಿದ್ದೆಲ್ಲ ಕಲ್ಲಿಗೆ. ನಮ್ಮ ಅಂಗಡಿಗಳು ಆ ಎಂಟರಲ್ಲಿ ಫಲ ಮತ್ತು ಬೆಲೆ ಇಟ್ಟುಕೊಂಡು ಮಿಕ್ಕ ಆರನ್ನು ಸದ್ದಿಲ್ಲದೆ ಕೈಬಿಟ್ಟಿವೆ.

ಕೈಬಿಟ್ಟಿದ್ದರ ಪರಿಣಾಮ ಮೊದಲು ಕಾಣೋದು ವಿಜಾತಿಯಲ್ಲಿ. ದುಡ್ಡು ತರುವ ಸಿಟ್ರೈನ್ ಅಂತ ಮಾರೋದರಲ್ಲಿ ಬಹುಪಾಲು, ನೇರಳೆ ಅಮೆಥಿಸ್ಟ್ ಅನ್ನು ಕುಲುಮೆಯಲ್ಲಿ ಕಾಯಿಸಿ ಹಳದಿ ಮಾಡಿದ್ದು. ಓಪಲೈಟ್ ಅಂದರೆ ಗಾಜು. ಮಿಣಮಿಣ ಅನ್ನುವ ಗೋಲ್ಡ್‌ಸ್ಟೋನ್ ಕೂಡ ಗಾಜೇ, ಒಳಗೆ ತಾಮ್ರದ ಕಣ. ಅಗ್ಗದ ವೈಡೂರ್ಯ ನೀಲಿಯ ಟರ್ಕಾಯ್ಸ್ ಎಷ್ಟೋ ಸಲ ಬಣ್ಣ ಕುಡಿಸಿದ ಹೌಲೈಟ್. ಕಣ್ಣು ಕೋರೈಸುವ ಗುಲಾಬಿ, ನೀಲಿ ಅಗೇಟ್ ಹೋಳುಗಳು ಬಣ್ಣದ ನೀರಿನಲ್ಲಿ ಮುಳುಗೆದ್ದು ಬಂದವು. ಇವು ಯಾವುವೂ ಕೆಟ್ಟ ವಸ್ತುಗಳಲ್ಲ. ಗಾಜು ಅಂತ ಹೇಳಿ ಗಾಜು ಮಾರಿದರೆ ನಾನೂ ಕೊಳ್ತೀನಿ. ಎಲ್ಲಿಯದು ಅಂತ ಕೇಳೋದನ್ನು ಬಿಟ್ಟ ದಿನವೇ ಏನು ಅಂತ ಕೇಳೋದೂ ಬಿಟ್ಟುಹೋಗುತ್ತೆ, ಅಷ್ಟೇ.

ಎರಡನೆಯ ನಷ್ಟ ಇನ್ನೂ ಬೇಜಾರಿನದು. ಕಲ್ಲಿನ ನಿಜವಾದ ಗುಣಗಳು ಚೀಟಿಯ ಗುಣಗಳಿಗಿಂತ ಎಷ್ಟೋ ಸ್ವಾರಸ್ಯ, ಅವು ನಮಗೆ ತಲುಪೋದೇ ಇಲ್ಲ. ಅಮೆಥಿಸ್ಟ್ ನೇರಳೆ ಆಗೋದು ಯಾಕೆ ಗೊತ್ತಾ? ಸ್ಫಟಿಕದಲ್ಲಿ ಸಿಕ್ಕಿಕೊಂಡ ಒಂಚೂರು ಕಬ್ಬಿಣದ ಮೇಲೆ ಸುತ್ತಲಿನ ಬಂಡೆಯ ನೈಸರ್ಗಿಕ ವಿಕಿರಣ ಕೆಲಸ ಮಾಡಿದ್ದರಿಂದ. ರೇಡಿಯೇಶನ್‌ಗೆ ಹೆದರಿ ಕಪ್ಪು ಕಲ್ಲು ಇಟ್ಟುಕೊಂಡವರ ಪಕ್ಕದ ಡೆಸ್ಕಿನಲ್ಲಿ ರೇಡಿಯೇಶನ್ ಬಣ್ಣ ಹಚ್ಚಿದ ಕಲ್ಲು ಕೂತಿದೆ. ಕ್ವಾರ್ಟ್ಜ್ 'ಎನರ್ಜಿ' ಕೊಡುತ್ತೆ ಅಂತಾರೆ. ಅದನ್ನು ಒತ್ತಿದರೆ ನಿಜಕ್ಕೂ ವಿದ್ಯುತ್ ಹುಟ್ಟುತ್ತೆ, 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ಗುಣ ಅದು. ವಿದ್ಯುತ್ ಕೊಟ್ಟರೆ ತಾನೇ ಕಂಪಿಸುತ್ತೆ. ನಿಮ್ಮ ಕೈಗಡಿಯಾರದೊಳಗಿನ ಚೂರು ಸೆಕೆಂಡಿಗೆ 32,768 ಸಲ ಅಲುಗಾಡುತ್ತೆ, ಅದನ್ನೆಣಿಸಿ ಮುಳ್ಳು ಮುಂದಕ್ಕೆ ಹೋಗುತ್ತೆ. ಝಿಯೋಲೈಟ್ ಅನ್ನೋ ಹೆಸರಿಗೆ 'ಕುದಿಯುವ ಕಲ್ಲು' ಅಂತ ಅರ್ಥ. 1756ರಲ್ಲಿ ಸ್ವೀಡನ್‌ನ ಕ್ರೋನ್‌ಸ್ಟೆಡ್ ಇದನ್ನು ಕಾಯಿಸಿದಾಗ ಒಳಗಿದ್ದ ನೀರು ಕುದಿದು ಬಂತು. ಅದರ ರಚನೆಯಲ್ಲಿ ಸಣ್ಣ ಸಣ್ಣ ಓಣಿಗಳಿವೆ. ಅದೇ ಮಾದರಿಯಲ್ಲಿ ಕಾರ್ಖಾನೆ ತಯಾರಿಸಿದ ಝಿಯೋಲೈಟ್ ಬಟ್ಟೆ ಸೋಪಿನ ಪುಡಿಯಲ್ಲಿ ಗಡಸು ನೀರನ್ನು ಮೆದುಮಾಡುತ್ತೆ.

ಹಾಗಂತ 'ಸೀರಿಯಸ್' ಸಂಗ್ರಾಹಕರು ಎಲ್ಲ ಸರಿ ಮಾಡ್ತಾರೆ ಅಂತಲೂ ಅಲ್ಲ. ನಾರಾಯಣಪುರದ ಕಪ್ಪು ಕಲ್ಲೇ ಪಶ್ಚಿಮಕ್ಕೆ ಹೋದ ಹಾಗೆ ದಪ್ಪವಾಗುತ್ತೆ, ಪೊಳ್ಳುಗಳೂ ದೊಡ್ಡವಾಗುತ್ತವೆ. ಜಲಗಾಂವ್, ನಾಸಿಕ್, ಪುಣೆ ಸುತ್ತಿನ ಕ್ವಾರಿಗಳ ಅಪೊಫಿಲೈಟ್, ಸ್ಟಿಲ್ಬೈಟ್‌ಗಳು ಜಗತ್ತಿನ ದೊಡ್ಡ ಮ್ಯೂಸಿಯಂಗಳಲ್ಲಿವೆ. ನವಿಲುಕತ್ತಿನ ನೀಲಿಯ ಕ್ಯಾವನ್ಸೈಟ್ ಮೊದಲು ಸಿಕ್ಕಿದ್ದು ಅಮೆರಿಕದ ಆರೆಗಾನ್‌ನಲ್ಲಿ, ಆದರೆ ಅದರ ಹೆಸರನ್ನು ಮೇಲೆತ್ತಿದ್ದು ಪುಣೆ ಪಕ್ಕದ ವಾಘೋಲಿಯ ಕ್ವಾರಿ. ನಾಸಿಕ್ ಬಳಿಯ ಸಿನ್ನರ್‌ನಲ್ಲಿ ಗಾರ್ಗೋಟಿ ಅನ್ನುವ ಖನಿಜ ಮ್ಯೂಸಿಯಂ ಇದೆ, ಮರಾಠಿಯಲ್ಲಿ ಆ ಪದಕ್ಕೆ ಬೆಣಚುಕಲ್ಲು ಅಂತಲೇ ಅರ್ಥ. ಈ ಲೋಕದಲ್ಲಿ ಆಕರಕ್ಕೆ ಬೆಲೆ ಇದೆ. ಲೇಬಲ್ ಕಳೆದುಹೋದ ಮಾದರಿಯ ಬೆಲೆ ಇಳಿದುಹೋಗುತ್ತೆ. ಆದರೂ ಹಳೆಯ ಲೇಬಲ್‌ಗಳಲ್ಲಿ 'ಪೂನಾ', ಈಗಿನವುಗಳಲ್ಲಿ 'ಜಲಗಾಂವ್' ಅಂತ ಬರೆದಿದ್ದನ್ನು ನಂಬೋ ಹಾಗಿಲ್ಲ. ಎಷ್ಟೋ ಸಲ ಅದು ವ್ಯಾಪಾರಿ ಕೂತ ಊರು, ಕಲ್ಲು ಹುಟ್ಟಿದ ಊರಲ್ಲ. ಇನ್ನು ತುದಿ ಮುರಿಯದ ಹರಳಿಗಾಗಿ ಅವರು ಪಡುವ ಹಪಾಹಪಿ ನೋಡಿದರೆ, ಇವರಿಗೆ ಬೇಕಾಗಿರೋದು ಕಲ್ಲೋ ಮೆಡಲೋ ಅಂತ ಅನುಮಾನ ಬರುತ್ತೆ.

ಒಂದು ಮಾತನ್ನು ಮಾತ್ರ ಅವರ ಪರವಾಗಿ ಹೇಳಲೇಬೇಕು. ಆ ಕ್ವಾರಿಗಳನ್ನು ತೋಡಿದ್ದು ಹರಳಿಗಾಗಿ ಅಲ್ಲ, ರಸ್ತೆ ಮತ್ತು ಅಪಾರ್ಟ್‌ಮೆಂಟಿನ ಜಲ್ಲಿಗಾಗಿ. ಕೂಲಿಯವರು ಪೊಳ್ಳು ಕಂಡಾಗ ಕೈ ತಡೆದು ಹರಳನ್ನು ಎತ್ತಿಟ್ಟಿದ್ದರಿಂದ ಅದು ಉಳಿಯಿತು, ಇಲ್ಲದಿದ್ದರೆ ಕ್ರಷರ್‌ಗೆ ಹೋಗ್ತಿತ್ತು. ಸಂಗ್ರಹ ಅಲ್ಲಿ ಒಂದು ಥರದ ರಕ್ಷಣೆ. ಮ್ಯೂಸಿಯಂಗಳ ಲೇಬಲ್‌ನಲ್ಲಿ ದಾನಿಯ ಹೆಸರು ಇರುತ್ತೆ. ಕೈ ತಡೆದವರದು ಇರೋದಿಲ್ಲ.

ಇಲ್ಲಿ ಕಲ್ಯಾಣ ಮತ್ತೊಮ್ಮೆ ನೆನಪಾಗುತ್ತೆ. ಸೋಮೇಶ್ವರ ರತ್ನಗಳ ಬಗ್ಗೆ ಬರೆದು ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಊರಿನಲ್ಲಿ ಶರಣರು ಕಾಯಕದ ಮಾತಾಡಿದರು. ಒಂದು ವಸ್ತು ಎಲ್ಲಿಯದು ಅನ್ನೋದರ ಜೊತೆಗೆ ಅದರ ಹಿಂದೆ ಯಾರ ದುಡಿಮೆ ಇದೆ ಅನ್ನೋದೂ ಲೆಕ್ಕಕ್ಕೆ ಬರಬೇಕು ಅನ್ನುವುದನ್ನು ನಾನು ಅಲ್ಲಿಂದ ತೊಗೊಳ್ತೀನಿ. ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಮಣಿ ಮಾಡುವ ಕಸುಬು ಬಹಳ ಹಳೆಯದು. ದರ್ಗಾಗಳ ಮುಂದೆ ಮಾರುವ ಅಕೀಕ್ ಉಂಗುರದ ಕಲ್ಲೂ ಇದೇ ಅಗೇಟ್. ಕಲ್ಲು ಉಜ್ಜುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೋಗಿ ಅಲ್ಲಿನ ಕುಶಲಕರ್ಮಿಗಳಿಗೆ ಸಿಲಿಕೋಸಿಸ್ ಬರುತ್ತೆ. ಅದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಉಸಿರಾಟದ ವ್ಯಾಯಾಮದ ಹೊತ್ತಿನಲ್ಲಿ ಎದೆಯ ಮೇಲೆ ಇಟ್ಟುಕೊಳ್ಳುವ ನುಣುಪು ಕಲ್ಲನ್ನು ನುಣುಪು ಮಾಡಿದವರ ಉಸಿರು ಹೇಗಿದೆ ಅಂತ ಕೇಳೋದು ಅತಿ ಆಗುತ್ತಾ? ನನಗೇನೋ ಆಗಲ್ಲ ಅನ್ನಿಸುತ್ತೆ. ಆಕರ ಬರೆಯದ ಚೀಟಿ ಈ ಪ್ರಶ್ನೆಯನ್ನೂ ಮುಚ್ಚಿಡುತ್ತೆ. ಊರೇ ಗೊತ್ತಿಲ್ಲದ ಕಲ್ಲಿಗೆ ಕೆಲಸಗಾರರು ಎಲ್ಲಿಂದ ಬರಬೇಕು?

'ಸಮಾಧಾನ ಸಿಗುತ್ತೆ ಅಂದರೆ ಬಿಡಿ, ನಂಬಿಕೆಯಿಂದ ಯಾರಿಗೇನು ನಷ್ಟ' ಅಂತ ಗೆಳೆಯರು ವಾದ ಮಾಡ್ತಾರೆ. ಡಾಕ್ಟರ ಹತ್ತಿರ ಹೋಗಬೇಕಾದವರು ಕಲ್ಲಿನ ಹತ್ತಿರ ಹೋದರೆ ನಷ್ಟ ಇದೆ, ಅದು ಎಲ್ಲರಿಗೂ ಗೊತ್ತಿರೋದೇ. ನಾನು ಹೇಳೋದು ಅದಕ್ಕಿಂತ ಸಣ್ಣ ನಷ್ಟದ ಬಗ್ಗೆ. ಬದಲಾಗದ, ನಮ್ಮ ಹಂಗಿಲ್ಲದ ವಸ್ತು ಬೇಕು ಅಂತ ನಾವು ಕಲ್ಲಿನ ಹತ್ತಿರ ಹೋದೆವು. ಅಂಗಡಿ ಅದನ್ನೂ ನಮ್ಮ ಕೆಲಸದವನನ್ನಾಗಿ ಮಾಡಿ ಕೊಟ್ಟಿತು: ನೀನು ನಿದ್ದೆ ತಾ, ನೀನು ಪ್ರಮೋಷನ್ ತಾ. ಎಲ್ಲಕ್ಕೂ ಟಾರ್ಗೆಟ್ ಇರುವ ಜಗತ್ತಿನಿಂದ ತಪ್ಪಿಸಿಕೊಳ್ಳೋಕೆ ತಂದ ಕಲ್ಲಿಗೂ ಟಾರ್ಗೆಟ್. ಆರು ಕೋಟಿ ವರ್ಷ ಕತ್ತಲಲ್ಲಿ ಇದ್ದ ಹರಳು ನನ್ನ ಅಪ್ರೈಸಲ್‌ಗೆ ಜವಾಬ್ದಾರ ಅಲ್ಲ ಅನ್ನೋದೇ ನನಗೆ ಸಿಗುವ ಸಮಾಧಾನ.

ಆಕರವನ್ನು ಬಿಡದೆ ಹಿಡಿದವರು ಬೀದರ್ ಜಿಲ್ಲೆಯಲ್ಲೇ ಇದ್ದಾರೆ. ಬಿದರಿ ಕೆಲಸದವರು ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೊನೆಗೆ ನವಸಾಗರದ ಜೊತೆ ಬೀದರ್ ಕೋಟೆಯ ಹಳೇ ಮಣ್ಣು ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಆ ಮಣ್ಣೇ ಆಗಬೇಕು, ಬೇರೆ ಕಡೆಯದು ನಡೆಯಲ್ಲ ಅಂತಾರೆ. ಹಿಡಿ ಮಣ್ಣಿಗೂ ವಿಳಾಸ ಕೇಳುವ ಕಸುಬು ಅದು.

ಹಾಗಾಗಿ ಕಲ್ಲು ಕೊಳ್ಳೋದನ್ನು ಬಿಡಿ ಅಂತ ನಾನು ಹೇಳಲ್ಲ. ಅಂಗಡಿಯಲ್ಲಿ 'ಇದು ಎಲ್ಲಿಯದು?' ಅಂತ ಕೇಳಿ, ಉತ್ತರ ಬರದಿದ್ದರೆ ಬೆಲೆ ಇಳಿಸೋಕೆ ಹೇಳಿ. ನೀವೇ ಆರಿಸಿದ್ದಾದರೆ ಹೊಲದವರನ್ನು, ಕ್ವಾರಿಯವರನ್ನು ಕೇಳಿ ತನ್ನಿ. ಗುಡಿ, ಕೋಟೆಗಳ ಆವರಣದಿಂದ ಒಂದು ಚೂರೂ ಎತ್ತಬೇಡಿ. ದೂರ ಹೋಗೋಕೆ ಪುರುಸೊತ್ತು ಇಲ್ಲದಿದ್ದರೆ ಲಾಲ್‌ಬಾಗ್ ಬಂಡೆ ಹತ್ತಿ ಕೂತುಕೊಳ್ಳಿ. ಸುಮಾರು 300 ಕೋಟಿ ವರ್ಷದ ಕಲ್ಲು, ಡೆಕ್ಕನ್ ಲಾವಾ ಅದರ ಮುಂದೆ ನಿನ್ನೆ ಮೊನ್ನೆಯ ಕೂಸು, ಮನೆಗೆ ತರುವ ಗೋಜೂ ಇಲ್ಲ. ಇನ್ನು ಮನೆಯಲ್ಲಿ ಇರುವ ಪ್ರತಿ ಕಲ್ಲಿನ ಕೆಳಗೆ ಒಂದು ಚೀಟಿ ಇಡಿ: ಊರು, ಯಾವ ಬಾವಿ ಅಥವಾ ಕ್ವಾರಿ, ಎಷ್ಟು ಆಳ, ಯಾವ ದಿನ, ಯಾರು ಕೊಟ್ಟರು. ನನ್ನ ಬಿಳಿ ಝಿಯೋಲೈಟ್ ಕೆಳಗಿನ ಚೀಟಿಯಲ್ಲಿ 'ನಾರಾಯಣಪುರ, ಬಾವಿ ಗುಡ್ಡೆ, ಒಂದಾಳು ಆಳದ ಕೆಳಗಿನ ತೂತು ಕಲ್ಲು' ಅಂತಿದೆ. ಫಲ ಅನ್ನುವ ಜಾಗ ಖಾಲಿ ಬಿಟ್ಟಿದ್ದೀನಿ.